ಬಾಣಂತಿ ಮುಶಿ

ಈ ಜಗಳದಲ್ಲಿ ಗೆದ್ದವರು ನಾವು. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಕೊನೆಯ ತನಕ ಕಾಯಿಸಿದಳು ಎಂದು ಆಮೇಲೆ ಯಾರೂ ಬೈಯುವುದು ಬೇಡ. ಗೆದ್ದವರು ದನಿ ಇಳಿಸಿ, ತಲೆ ತಗ್ಗಿಸಿ ಮಾತಾಡಬೇಕು ಅನ್ನುತ್ತಾರೆ. ನನಗೆ ಅದು ಬರುವುದಿಲ್ಲ. ಬೈಲಹೊಂಗಲದ ಪೇಟೆಯಲ್ಲಿ ಮೀನು ಮಾರುವವರ ಮನೆಯಲ್ಲಿ ಹುಟ್ಟಿದವಳು ನಾನು. ದನಿ ಇಳಿಸಿದವರ ಮೀನು ನಮ್ಮಲ್ಲಿ ಸಂಜೆಯಾದರೂ ಬುಟ್ಟಿಯಲ್ಲೇ ಇರುತ್ತದೆ.

ನಮ್ಮೂರಿಗೆ ಸಮುದ್ರ ದೂರ, ಘಟ್ಟ ಇಳಿದು ಹೋಗಬೇಕು. ಜೀವಮಾನವಿಡೀ ಸಮುದ್ರದ ಮೀನು ಮಾರಿದ ನಮ್ಮ ಸಾಲಿನ ಎಷ್ಟೋ ಹೆಂಗಸರು ಸಮುದ್ರವನ್ನೇ ನೋಡಿಲ್ಲ. ನನ್ನ ಅವ್ವನೂ ನೋಡಿಲ್ಲ. ಕಾರವಾರದ ಕಡೆಯಿಂದ ಲಾರಿ ಬೆಳಗಾವಿಗೆ ಬರುತ್ತದೆ. ಅಲ್ಲಿಂದ ದಲಾಲರ ಟೆಂಪೋ ಬರ್ಫದ ಡಬ್ಬಿಗಳನ್ನು ಹೇರಿಕೊಂಡು ಕಿತ್ತೂರಿಗೆ, ಕಿತ್ತೂರಿನಿಂದ ನಮ್ಮೂರಿಗೆ, ಆಮೇಲೆ ಯರಗಟ್ಟಿ ದಾಟಿ ಸವದತ್ತಿಗೆ, ಕೊನೆಗೆ ರಾಮದುರ್ಗಕ್ಕೆ ಹೋಗುತ್ತದೆ. ರಾಮದುರ್ಗ ಮುಟ್ಟುವ ಹೊತ್ತಿಗೆ ಬರ್ಫ ನೀರಾಗಿ, ಎಲ್ಲರೂ ಆರಿಸಿ ಬಿಟ್ಟದ್ದು ಅಲ್ಲಿಯವರ ಪಾಲಿಗೆ. ಅದಕ್ಕೇ ರಾಮದುರ್ಗದ ಮೀನಿನವರಿಗೆ ಮೂಗಿನ ತುದಿಯಲ್ಲೇ ಸಿಟ್ಟು ಎಂದು ನಾವು ಚೇಷ್ಟೆ ಮಾಡುತ್ತೇವೆ. ಅವರೂ ನಮಗೆ ತಿರುಗಿ ಏನೇನೋ ಅನ್ನುತ್ತಾರೆ, ಅದನ್ನು ಇಲ್ಲಿ ಬರೆಯುವ ಹಾಗಿಲ್ಲ.

ನಾನು ಊರಿನ ಕಾಲೇಜಿನಲ್ಲೇ ವಿಜ್ಞಾನ ಓದಿದೆ. ಓದಿಯೂ ಈಳಿಗೆಯ ಮುಂದೆ ಕೂತದ್ದು ಬೇರೆ ಕೆಲಸ ಸಿಗಲಿಲ್ಲ ಎಂದಲ್ಲ. ಇನ್ನೊಬ್ಬರ ಕೈಕೆಳಗೆ ಬಾಯಿ ಮುಚ್ಚಿಕೊಂಡಿರುವುದು ನನ್ನಿಂದ ಆಗದ ಮಾತು. ಅವ್ವ ಮಾರುತ್ತಾಳೆ, ನಾನು ಕೊಯ್ಯುತ್ತೇನೆ. ಇಬ್ಬರ ಬಾಯಿಯೂ ಜೋರು, ಅಂಗಡಿಯೂ ಜೋರು.

ಅವ್ವನ ಹೆಸರು ಈ ನಾಲ್ಕೂ ಊರಿನಲ್ಲಿ ನಡೆಯುತ್ತಿದ್ದದ್ದು ಒಂದೇ ಮೀನಿನ ಮೇಲೆ. ಅದು ಮುಶಿ. ಕರಾವಳಿಯಲ್ಲಿ ತಾಟೆ ಎನ್ನುತ್ತಾರೆ, ಪುಸ್ತಕದಲ್ಲಿ ಶಾರ್ಕ್ ಎಂದಿರುತ್ತದೆ. ಗಾಬರಿಯಾಗಬೇಡಿ, ಮನುಷ್ಯರ ಕಾಲು ಕಚ್ಚುವ ಜಾತಿ ಇದಲ್ಲ. ದಂಡೆಯ ಹತ್ತಿರದ ಕೆಸರು ನೀರಿನಲ್ಲಿ ಸೀಗಡಿ, ಸಣ್ಣ ಮೀನು ತಿಂದುಕೊಂಡಿರುವ ಚಿಕ್ಕ ಶಾರ್ಕ್. ಮೂತಿ ಸನಿಕೆಯ ಹಾಗೆ ಚಪ್ಪಟೆ. ಎಷ್ಟು ಬೆಳೆದರೂ ದೊಡ್ಡವರ ತೋಳಿನಷ್ಟು ಉದ್ದ, ಅಷ್ಟೆ. ಮುಳ್ಳಿಲ್ಲ, ಎಲುಬೆಲ್ಲ ಮೆತ್ತಗೆ. ಬಾಣಂತಿಗೆ ಮುಶಿ ಸಾರು ಉಣಿಸಿದರೆ ಎದೆಹಾಲು ಚೆನ್ನಾಗಿ ಬರುತ್ತದೆ ಎಂಬುದು ನಮ್ಮ ಕಡೆ ಮೀನು ತಿನ್ನುವ ಮನೆಗಳಲ್ಲಿ ಅಜ್ಜಿಯಂದಿರ ಕಾಲದಿಂದ ಬಂದ ಮಾತು. ಅದರಲ್ಲೂ ಗೇಣುದ್ದದ ಸಣ್ಣ ಮುಶಿಯೇ ಆಗಬೇಕು. ಅದಕ್ಕೆ ಬೇರೆಯೇ ಹೆಸರಿತ್ತು, ಬಾಣಂತಿ ಮುಶಿ. ದೊಡ್ಡ ಮುಶಿ ಒಂದು ಜಾತಿ, ಬಾಣಂತಿ ಮುಶಿ ಇನ್ನೊಂದು ಜಾತಿ, ಅದು ಬೆಳೆಯುವುದೇ ಅಷ್ಟು ಎಂದು ಮಾರುವವರೂ ನಂಬಿದ್ದೆವು, ಕೊಳ್ಳುವವರೂ ನಂಬಿದ್ದರು.

ಮಗಳ ಹೆರಿಗೆಯ ದಿನ ಹತ್ತಿರ ಬಂತೆಂದರೆ ತಾಯಂದಿರು ಅವ್ವನನ್ನು ಹುಡುಕಿಕೊಂಡು ಬರುತ್ತಿದ್ದರು. ಕಿತ್ತೂರಿನಿಂದ, ಯರಗಟ್ಟಿಯಿಂದ, ಕೆಲವರು ರಾಮದುರ್ಗದಿಂದಲೂ ಬಸ್ಸು ಹತ್ತಿ ಬರುತ್ತಿದ್ದರು. ಅವ್ವ ಒಂದೊಂದನ್ನೇ ಬೆರಳಿನಿಂದ ಒತ್ತಿ ನೋಡಿ ಆರಿಸಿ ಕೊಡುತ್ತಿದ್ದಳು. "ನನ್ನ ಕೈಲೆ ಒಯ್ದ ಮುಶಿ ಉಂಡಾಕಿಗೆ ಹಾಲು ಇಲ್ಲಂತ ಈವರೆಗೂ ಯಾರೂ ಬಂದಿಲ್ಲ" ಎಂದು ಇಡೀ ಸಾಲಿಗೆ ಕೇಳುವಂತೆ ಹೇಳುತ್ತಿದ್ದಳು. ಆ ಮಾತು ಹೇಳುವಾಗ ಅವಳ ಕುತ್ತಿಗೆ ಒಂದು ಗೇಣು ಉದ್ದವಾಗುತ್ತಿತ್ತು.

ನಾವೆಲ್ಲ ಹೀಗೆ ಮೋಸಹೋಗಲು ಕಾರಣವಿತ್ತು. ದೊಡ್ಡ ಮುಶಿ ನಮ್ಮ ಕಡೆ ಬರುವುದು ಹೊಟ್ಟೆ ಸೀಳಿ, ಒಳಗಿನದೆಲ್ಲ ತೆಗೆದು, ಸ್ವಚ್ಛ ಮಾಡಿದ ಮೇಲೆ. ಬಂದರಿನಲ್ಲೇ ಆ ಕೆಲಸ ಮುಗಿದಿರುತ್ತದೆ, ಇಲ್ಲದಿದ್ದರೆ ದಾರಿಯಲ್ಲಿ ಕೆಟ್ಟು ನಾರುತ್ತದೆ. ಹೀಗಾಗಿ ದೊಡ್ಡ ಮುಶಿಯ ಹೊಟ್ಟೆಯಲ್ಲಿ ಏನಿರುತ್ತದೆ ಎಂದು ಘಟ್ಟದ ಮೇಲಿನ ನಾವು ಕಂಡವರೇ ಅಲ್ಲ.

ಒಂದು ದಿನ ಟೆಂಪೋದಲ್ಲಿ ಸೀಳದೆ ಇದ್ದ ಮುಶಿಗಳು ಬಂದವು. ಬಂದರಿನಲ್ಲಿ ಕೊಯ್ಯುವ ಹೆಂಗಸರೆಲ್ಲ ಯಾವುದೋ ಮದುವೆಗೆ ಹೋಗಿದ್ದರಂತೆ. ದಲಾಲರು "ಇವತ್ತ ಒಂದಿನಾ ನೀವ ಸ್ವಚ್ಛ ಮಾಡ್ಕೋರಿ" ಎಂದು ಡಬ್ಬಿ ಇಳಿಸಿ ಹೋದರು. ನಾನು ಬೈದುಕೊಳ್ಳುತ್ತ ಮೊದಲನೆಯದನ್ನು ಎತ್ತಿಕೊಂಡೆ. ಹೊಟ್ಟೆ ತುಂಬಿಕೊಂಡಿತ್ತು. ಈಳಿಗೆಗೆ ಹಿಡಿದು ಸೀಳಿದೆ. ಒಳಗೆ ಎರಡು ಚೀಲ. ಎರಡರಲ್ಲೂ ಸಣ್ಣ ಸಣ್ಣ ಮುಶಿಗಳು ಒತ್ತೊತ್ತಾಗಿ ಮಲಗಿದ್ದವು. ಒಂದನ್ನು ಹಿಡಿದು ಎತ್ತಿದರೆ ಮೇಲೆ ಬರಲಿಲ್ಲ, ದಾರದಂಥದ್ದೊಂದು ಅದನ್ನು ತಾಯಿಯ ಚೀಲಕ್ಕೆ ಹಿಡಿದಿತ್ತು. ಹೊಕ್ಕುಳಬಳ್ಳಿ! ಮೀನಿಗೆ ಹೊಕ್ಕುಳಬಳ್ಳಿ ಇರಬಹುದು ಎಂದು ಕಾಲೇಜಿನಲ್ಲಿ ಎಲ್ಲೋ ಓದಿದ್ದೆ. ಓದಿದ್ದು ಬೇರೆ, ಬೆರಳಿಗೆ ಸುತ್ತಿಕೊಂಡದ್ದು ಬೇರೆ.

ಮರಿಯ ಮೂತಿ ನೋಡಿದೆ. ಪಕ್ಕದ ತಟ್ಟೆಯಲ್ಲಿ ಜೋಡಿಸಿಟ್ಟಿದ್ದ ಬಾಣಂತಿ ಮುಶಿಯ ಮೂತಿ ನೋಡಿದೆ. ಅದೇ ಸನಿಕೆ. ತಟ್ಟೆಯಿಂದ ಒಂದನ್ನು ಅಂಗಾತ ಮಾಡಿದೆ. ಮುಂದಿನ ಎರಡು ರೆಕ್ಕೆಗಳ ನಡುವೆ ಸಣ್ಣದೊಂದು ಗೀರು, ಇನ್ನೂ ಪೂರಾ ಮಾಯದ ಗಾಯ. ಇನ್ನೊಂದನ್ನು ತಿರುವಿದೆ, ಅದರಲ್ಲೂ ಇತ್ತು. ಮತ್ತೊಂದು, ಮಗದೊಂದು, ಎಲ್ಲಕ್ಕೂ ಅದೇ ಗುರುತು. ನಮ್ಮ ತಟ್ಟೆಯಲ್ಲಿದ್ದದ್ದು ಬೇರೆ ಜಾತಿಯೇ ಅಲ್ಲ, ಹೊಕ್ಕುಳು ಕೂಡ ಮಾಯದ ಎಳೆಯ ಕೂಸುಗಳು.

"ಅವ್ವಾ, ಇಲ್ಲಿ ನೋಡು" ಎಂದು ಕೂಗಿದೆ.

ಅವ್ವ ನೋಡಿದಳು. ನೋಡಿದವಳೇ ಸೀಳಿದ ಹೊಟ್ಟೆಯ ಮೇಲೆ ಗೋಣಿತಟ್ಟು ಎಳೆದಳು. "ಮುಚ್ಚ ಮೊದಲ, ಗಿರಾಕಿ ನೋಡ್ಯಾರು!" ಆದರೆ ಅವತ್ತು ಮಧ್ಯಾಹ್ನ ಗಿರಾಕಿಗಳು ಕಡಿಮೆಯಾದ ಮೇಲೆ ಅವಳೇ ತಟ್ಟೆಯ ಮೀನುಗಳನ್ನು ಒಂದೊಂದಾಗಿ ಅಂಗಾತ ಮಾಡಿ ನೋಡುತ್ತಿದ್ದಳು. ಆಮೇಲೆ, "ಹಂಗಾರ ಇಷ್ಟ ವರ್ಷ ನಾ ಕೂಸುಗೋಳನ್ನ ಮಾರೀನೇನ?" ಎಂದಳು.

ಕಾರವಾರದಲ್ಲಿ ಸಮುದ್ರದ ಜೀವಿಗಳನ್ನು ಅಭ್ಯಾಸ ಮಾಡುವ ಒಬ್ಬ ಮೇಡಂ ನನ್ನ ಕಾಲೇಜಿನ ಗೆಳತಿಗೆ ಪರಿಚಯ. ಫೋಟೋ ತೆಗೆದು ಅವರಿಗೆ ಕಳಿಸಿದೆ. ಆವತ್ತಿನಿಂದ ಅವರ ದನಿಯಲ್ಲಿ ಉದ್ದುದ್ದ ಸಂದೇಶಗಳು ನನ್ನ ಫೋನಿಗೆ ಬರತೊಡಗಿದವು. ಮೀನು ಕೊಯ್ಯುತ್ತಲೇ ಕೇಳುತ್ತಿದ್ದೆ. ಬಂಗುಡೆಯಂಥ ಮೀನು ಸಾವಿರ ಸಾವಿರ ಮೊಟ್ಟೆ ಇಡುತ್ತದೆ, ಉಳಿದದ್ದು ಉಳಿಯುತ್ತದೆ. ಮುಶಿ ಹಾಗಲ್ಲ. ಅದರ ಮೊಟ್ಟೆ ಬಲು ಚಿಕ್ಕದು, ಒಳಗೆ ತಿನ್ನಲು ಏನೂ ಇರುವುದಿಲ್ಲ. ಹೀಗಾಗಿ ಮರಿಗೆ ಬೇಕಾದದ್ದನ್ನೆಲ್ಲ ತಾಯಿಯೇ ಬಳ್ಳಿಯ ಮೂಲಕ ಉಣಿಸಿ ತಿಂಗಳುಗಟ್ಟಲೆ ಹೊರುತ್ತದೆ. ಹೆರುವುದು ಕೈಬೆರಳಿನಲ್ಲಿ ಎಣಿಸುವಷ್ಟು, ಹೆಚ್ಚೆಂದರೆ ಇನ್ನೊಂದಿಷ್ಟು. ಹುಟ್ಟಿದ ಮರಿಗಳು ದಂಡೆಯ ಹತ್ತಿರ ಆಳವಿಲ್ಲದ ನೀರಿನಲ್ಲೇ ಇರುತ್ತವೆ, ಸಣ್ಣ ಕಣ್ಣಿನ ಬಲೆಗೆ ಸುಲಭವಾಗಿ ಸಿಗುತ್ತವೆ. ಆದರೆ ಮೊದಮೊದಲು ಬೇಗ ಬೆಳೆಯುತ್ತವೆ. ಒಂದೆರಡು ವರ್ಷ ಬಿಟ್ಟರೆ ಸಾಕು, ಅವೇ ತಾಯಿಯಾಗುತ್ತವೆ.

"ಮಳೆಗಾಲದಲ್ಲಿ ದೋಣಿ ನಿಲ್ಲಸ್ತಾರಲ್ರಿ ಮೇಡಂ, ಅದು ಸಾಲೂದಿಲ್ಲೇನ್ರಿ?" ಎಂದು ಕೇಳಿದೆ.

"ಸಾಲೋದಿಲ್ಲ. ಇದು ಹೆಚ್ಚುಕಡಿಮೆ ವರ್ಷವಿಡೀ ಮರಿ ಹಾಕ್ತದೆ. ತಿಂಗಳು ನೋಡಿ ಬಿಡೋದಲ್ಲ, ಅಳತೆ ನೋಡಿ ಬಿಡಬೇಕು" ಎಂದರು. ಆಮೇಲೆ, "ಬಲೆಯವರ ಹತ್ರ ನಾನು ಎಷ್ಟು ಸಲ ಹೇಳಿದ್ದೇನೆ. ಅವರದ್ದು ಒಂದೇ ಮಾತು, ಘಟ್ಟದ ಮೇಲಿನವರು ಮರಿಯನ್ನೇ ಕೇಳ್ತಾರೆ, ಅದಕ್ಕೇ ಹಿಡೀತೇವೆ ಅಂತ" ಎಂದರು.

ಘಟ್ಟದ ಮೇಲಿನವರು ಎಂದರೆ ಯಾರು? ನನ್ನ ಅವ್ವ! ನನಗೆ ಮೈಯೆಲ್ಲ ಉರಿಯಿತು. ಸಮುದ್ರ ಕಾಣದ ನಾವು ಸಮುದ್ರದ ತೊಟ್ಟಿಲಿಗೇ ಕೈಹಾಕಿದ್ದೆವು. ಇನ್ನು ಮೇಲೆ ನಮ್ಮ ಅಂಗಡಿಯಲ್ಲಿ ಸಣ್ಣ ಮುಶಿ ಇಲ್ಲ ಎಂದು ಅವತ್ತೇ ತೀರ್ಮಾನ ಮಾಡಿದೆ. ಅವ್ವನೂ ಹೂಂ ಅಂದಳು. ಅಳತೆಯನ್ನು ಅವಳೇ ಇಟ್ಟಳು. ಹೂವಿನವರು ಮಾಲೆಯನ್ನು ಮೊಳದಲ್ಲಿ ಅಳೆಯುವುದಿಲ್ಲವೇ, ಹಾಗೆ. ಮೊಳಕೈ ಗಂಟಿನಿಂದ ನಡುಬೆರಳಿನ ತುದಿಯವರೆಗೆ ಇದ್ದರೆ ತಗೋ, ಇಲ್ಲದಿದ್ದರೆ ಬಿಡು. ಮೇಡಂಗೆ ಹೇಳಿದರೆ ಅವರು ನಕ್ಕು, ಅಷ್ಟು ಉದ್ದವಾಗುವ ಹೊತ್ತಿಗೆ ಮುಶಿ ತಾಯಿಯಾಗುವ ವಯಸ್ಸಿಗೆ ಬಂದಿರುತ್ತದೆ, ನಿಮ್ಮ ತಾಯಿಯ ಕೈ ಸರಿಯಾಗಿದೆ ಎಂದರು. ಅವ್ವ ಆ ಕೈಯನ್ನು ಎರಡು ದಿನ ಎಲ್ಲರಿಗೂ ತೋರಿಸಿಕೊಂಡು ಓಡಾಡಿದಳು.

ದಲಾಲರಿಗೆ ಮಾತ್ರ ಇದು ಹಿಡಿಸಲಿಲ್ಲ. "ಸಣ್ಣದು ಬ್ಯಾಡಂದ್ರ ದೊಡ್ಡದೂ ಇಲ್ಲ ನೋಡ್ರಿ. ನಿಮ್ಮ ಡಬ್ಬಿ ಬ್ಯಾರೇದವರಿಗೆ ಕೊಡತೇನಿ. ತಗೊಳ್ಳಾಕ ಸವದತ್ತಿಯೊಳಗ ಮಂದಿ ಕಾಯಾಕ ಹತ್ಯಾರ" ಎಂದರು. ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ನಾವು ಒಬ್ಬರೇ ಬಿಟ್ಟರೆ ಅಂಗಡಿ ಮುಚ್ಚಬೇಕಾಗುತ್ತಿತ್ತು. ನಾಲ್ಕೂ ಊರಿನವರು ಬಿಟ್ಟರೆ ಅವರ ಟೆಂಪೋ ಖಾಲಿ ಓಡಬೇಕಾಗುತ್ತಿತ್ತು. ಹೀಗಾಗಿ ನಾಲ್ಕೂ ಊರಿನ ಮೀನಿನವರನ್ನು ಒಂದು ಕಡೆ ಕೂಡಿಸಬೇಕಾಯಿತು.

ಎಲ್ಲರಿಗೂ ನಡುವೆ ಬೀಳುವ ಊರು ಯರಗಟ್ಟಿ. ಬಸ್ ನಿಲ್ದಾಣದ ಪಕ್ಕದ ಚಹಾದ ಅಂಗಡಿಯಲ್ಲಿ ಕೂಡಿದೆವು. ನಾನು ಫೋಟೋ ತೋರಿಸಿದೆ, ಹೊಕ್ಕುಳ ಗುರುತು ತೋರಿಸಿದೆ. ಹೆಂಗಸರು ಅಯ್ಯಯ್ಯ ಅಂದರು, ಗಂಡಸರು ಚಹಾ ಕುಡಿದರು. ಎದ್ದು ಮಾತಾಡಿದವಳು ನನ್ನ ಚಿಗವ್ವ, ಅವ್ವನ ಒಡಹುಟ್ಟಿದ ತಂಗಿ. ಸವದತ್ತಿಯಲ್ಲಿ ಮೀನು ಮಾರುವ ಅವಳಿಗೂ ಅವ್ವನಿಗೂ ಚಿಕ್ಕಂದಿನಿಂದ ಯಾವುದರಲ್ಲೂ ಹೊಂದಿಕೆಯಿಲ್ಲ.

"ಫೋಟೋ ಖರೇ ಇರ್ಬಹುದವಾ. ಆದ್ರ ನಾಳೆ ಯಾರರ ಬಾಣಂತಿಗೆ ಹಾಲು ಬರಲಿಲ್ಲಂದ್ರ ನನ್ನ ಅಂಗಡಿ ಮುಂದ ಬಂದು ಬೈಯೂದು ನಿನ್ನ ಮೇಡಮ್ಮನ್ನ ಅಲ್ಲ, ನನ್ನ."

"ಚಿಗವ್ವಾ, ಹಾಲಿಗೂ ಮೀನಿನ ಅಳತಿಗೂ ಸಂಬಂಧಿಲ್ಲ" ಎಂದೆ.

"ಸಂಬಂಧ ಇಲ್ಲಂದ್ರ ತೋರಿಸು. ನಿನ್ನ ತಂಗಿ ಬಸುರಿ ಅದಾಳಲಾ? ಆಕೀಗೆ ಮೊಳದ ಮುಶಿನ ಉಣಿಸ್ರಿ. ಹಾಲು ಬಂದ್ರ ಸವದತ್ತಿಯೊಳಗ ನಾ ಸಣ್ಣದನ್ನ ಮುಟ್ಟೂದಿಲ್ಲ, ಯಾರನ್ನೂ ಮುಟ್ಟಗೊಡೂದಿಲ್ಲ. ಬರಲಿಲ್ಲಂದ್ರ ನೀ ಬಾಯಿ ಮುಚ್ಚಿಕೊಂಡು ಕೊಯ್ಕೊಂತ ಕುಂಡ್ರು."

ಕಿತ್ತೂರಿನವರು ಹೌದೆಂದರು. ರಾಮದುರ್ಗದವರು ಅಪರೂಪಕ್ಕೆ ಸಿಟ್ಟಿಲ್ಲದೆ ಹೌದೆಂದರು. ನಾನು ಬೇಡ ಎನ್ನುವುದಕ್ಕೆ ಬಾಯಿ ತೆಗೆಯುವ ಮೊದಲೇ ಅವ್ವ, "ಆತು ಹೋಗ, ನನ್ನ ಮಗಳಿಗೆ ಹಾಲು ಬರ್ತೈತಿ" ಎಂದು ಮೇಜು ಬಡಿದಳು. ಚಹಾದ ಗ್ಲಾಸುಗಳು ಕುಣಿದವು. ತಂಗಿಯನ್ನು ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ.

ತಂಗಿಯನ್ನು ಕೊಟ್ಟದ್ದು ಸಂಪಗಾಂವಕ್ಕೆ. ಮೊದಲ ಹೆರಿಗೆ, ಸೀಮಂತದ ಕುಬಸ ಮುಗಿಸಿಕೊಂಡು ತವರಿಗೆ ಬಂದಿದ್ದಳು. ಪಂದ್ಯದ ವಿಷಯ ಹೇಳಿದರೆ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅಕ್ಕಾ, ಊರಾಗ ಕುಸ್ತಿ ಹಚ್ಚೂದು ಕೇಳಿದ್ದೆ. ನನ್ನ ಎದಿ ಮ್ಯಾಲ ಯಾರಾದರೂ ಪಂದ್ಯ ಕಟ್ತಾರನು?" ಅವಳ ಅತ್ತೆ, ಅಂದರೆ ನಮ್ಮ ಬೀಗತಿ, ನಗಲಿಲ್ಲ. ಹುಟ್ಟುವುದು ತನ್ನ ವಂಶದ ಕೂಸು, ತನ್ನ ಐದೂ ಮಕ್ಕಳಿಗೆ ತಾನು ಬಾಣಂತಿ ಮುಶಿ ಉಂಡೇ ಹಾಲು ಕುಡಿಸಿದವಳು, ಹೊಸ ಶಾಸ್ತ್ರವೆಲ್ಲ ಬೇರೆಯವರ ಮಕ್ಕಳ ಮೇಲೆ ಮಾಡಿರಿ ಎಂದು ಹೇಳಿ ಕಳಿಸಿದಳು.

ಬೈಲಹೊಂಗಲದ ಆಸ್ಪತ್ರೆಯಲ್ಲೇ ಹೆರಿಗೆಯಾಯಿತು. ಗಂಡು ಕೂಸು. ಹುಟ್ಟಿದ ಕೂಡಲೇ ನರ್ಸಮ್ಮ ಕೂಸನ್ನು ಎದೆಗೆ ಹಾಕಿದರು. ಮೊದಲು ಬರುವ ದಪ್ಪನೆಯ ಹಾಲು ನಾಲ್ಕು ಹನಿಯಾದರೂ ಬಂಗಾರ, ಮೇಲಿಂದ ಮೇಲೆ ಕುಡಿಸುತ್ತಿರಿ, ಉಳಿದದ್ದು ತಾನೇ ಬರುತ್ತದೆ ಎಂದು ಹೇಳಿದರು. ಮನೆಗೆ ಬಂದೆವು. ಬಾಣಂತಿಯ ಕೋಣೆಯಲ್ಲಿ ಹೊರಸು, ಕೆಂಡ, ಲೋಬಾನದ ಹೊಗೆ. ಅಂಟಿನ ಉಂಡಿ ಕಟ್ಟಿ ಇಟ್ಟದ್ದಾಗಿತ್ತು. ಅವ್ವ ಮೊಳ ದಾಟಿದ ಮುಶಿಯನ್ನೇ ಆರಿಸಿ ತಂದು ತೆಳ್ಳಗೆ ತುಂಡು ಮಾಡಿಸಿ, ಬೆಳ್ಳುಳ್ಳಿ, ಮೆಣಸು, ಒಣಕೊಬ್ಬರಿ ಹಾಕಿ ಸಾರು ಮಾಡಿದಳು. ಜೊತೆಗೆ ಸಬ್ಬಸಿಗೆ ಪಲ್ಲೆ, ಬಿಸಿ ರೊಟ್ಟಿ. ತಂಗಿ ಹೊಟ್ಟೆ ತುಂಬ ಉಂಡಳು.

ಹಾಲು ಬರಲಿಲ್ಲ. ಅಂದರೆ ಬಂತು, ಹನಿ ಹನಿ. ಕೂಸು ಎಳೆದೆಳೆದು ಸಾಕಾಗಿ ಅತ್ತಿತು. ಚೊಚ್ಚಲ ಬಾಣಂತಿಗೆ ಮೊದಲ ದಿನಗಳಲ್ಲಿ ಹೀಗೇ ಇರುತ್ತದೆ ಎಂದು ನನಗೆ ಗೊತ್ತು. ಹಾಲು ಬರುವುದು ಕೂಸು ಎಳೆದಷ್ಟೂ ಎಂಬುದೂ ಗೊತ್ತು. ಗೊತ್ತಿದ್ದು ಏನು ಬಂತು? ಕೂಸು ಅಳುವ ಮನೆಯಲ್ಲಿ ಯಾವ ವಿಜ್ಞಾನವೂ ಕಿವಿಗೆ ಬೀಳುವುದಿಲ್ಲ. ನನ್ನ ಹಟಕ್ಕೆ ಈ ಹಸುಗೂಸು ಹಸಿದಿರಬೇಕೇ ಎಂದು ಹೆದರಿದೆ. ಬದುಕಿನಲ್ಲಿ ನಾನು ಹೆದರಿದ್ದು ಬಹಳ ಕಡಿಮೆ, ಆ ಎರಡು ದಿನ ಮಾತ್ರ ಚೆನ್ನಾಗಿಯೇ ಹೆದರಿದೆ.

ಹೊರಗೆ ಫೋನುಗಳ ಕಾಟ. ಕಿತ್ತೂರಿನಿಂದ "ಬಂತೇನ್ರಿ?" ರಾಮದುರ್ಗದಿಂದ "ಬಂತೇನ್ರಿ?" ಪಕ್ಕದ ಬುಟ್ಟಿಯವಳು ಬಾಗಿಲಿಗೇ ಬಂದು "ಬಂತೇನವಾ?" ಕೊನೆಗೆ ದಲಾಲರದ್ದೂ ಫೋನು. "ತಪ್ಪ ತಿಳ್ಕೋಬ್ಯಾಡ್ರಿ ಅಕ್ಕಾರ, ಲೋಡಿಂದು ಹೇಳಬೇಕಾಗೈತಿ, ಅದಕ್ಕ ಕೇಳಿದ್ನಿ" ಎಂದರು. ಒಬ್ಬ ಹೆಣ್ಣುಮಗಳ ಎದೆಹಾಲಿನ ಸುದ್ದಿಗೆ ಬೆಳಗಾವಿಯ ಲಾರಿ ಕಾದು ನಿಂತದ್ದು ಅದೇ ಮೊದಲಿರಬೇಕು. ಅವ್ವ ಯಾರಿಗೂ ಉತ್ತರ ಕೊಡಲಿಲ್ಲ. ಒಲೆಯ ಮುಂದೆ ಕೂತು, "ಹಾಲು ಬರಲಿಲ್ಲಂದ್ರ ನಾ ಯಾವ ಮಾರಿ ಇಟ್ಕೊಂಡು ಪ್ಯಾಟಿಗೆ ಹೋಗ್ಲಿ?" ಎಂದು ನನಗೆ ಮಾತ್ರ ಕೇಳುವಂತೆ ಅಂದಳು. ನಾಲ್ಕೂ ಊರಿನಲ್ಲಿ ಅವಳ ಹೆಸರು ನಿಂತಿದ್ದೇ ಈ ಒಂದು ಮಾತಿನ ಮೇಲೆ. ಸೋತರೆ ಮೇಡಂಗೆ ಏನೂ ಆಗುತ್ತಿರಲಿಲ್ಲ, ನನಗೂ ಅಷ್ಟಕ್ಕಷ್ಟೆ. ಹೋಗುವುದಿದ್ದರೆ ಅವ್ವನ ಹೆಸರು ಹೋಗಬೇಕಾಗಿತ್ತು, ಮುಶಿಯ ಮರಿಗಳು ಮತ್ತೆ ತಟ್ಟೆಗೆ ಬರಬೇಕಾಗಿತ್ತು.

ಮರುದಿನ ಬೆಳಿಗ್ಗೆ ಬೀಗತಿ ಬಂದಳು. ಕೈಯಲ್ಲಿ ಸ್ಟೀಲಿನ ಡಬ್ಬಿ.

"ಬರ್ರಿ ಬೀಗ್ತೇರ, ಕುಂದರ್ರಿ" ಎಂದಳು ಅವ್ವ.

"ಕುಂದ್ರಾಕ ಬಂದಿಲ್ರಿ ನಾ. ನನ್ನ ಮೊಮ್ಮಗ ಹಸಗೊಂಡು ಅಳಾಕ ಹತ್ಯಾನಂತ ಸಂಪಗಾಂವದಾಗ ಕೇಳಸ್ತೈತಿ." ಡಬ್ಬಿಯ ಮುಚ್ಚಳ ತೆಗೆದಳು. ಬೆಳಗಾವಿಯಿಂದ ತರಿಸಿ ತಾನೇ ಮಾಡಿದ ಸಾರು, ಅದರಲ್ಲಿ ಗೇಣುದ್ದದ ಇಡೀ ಇಡೀ ಮುಶಿಗಳು. "ನಿಮ್ಮ ಪಂದ್ಯ ನೀವ ಆಡಿಕೊಳ್ರಿ. ಸೊಸಿಗೆ ಇದನ್ನ ನಾ ಉಣಸಾಕಿ."

ನಾನು ಬಾಗಿಲಿಗೆ ಅಡ್ಡ ನಿಂತೆ. ಬೀಗತಿಯ ಜೊತೆ ಜಗಳವಾಡಬಾರದು ಎಂಬುದೆಲ್ಲ ನೆನಪಿತ್ತು, ಆದರೂ ನಿಂತೆ. ಅವ್ವನ ಕಡೆ ನೋಡಿದರೆ ಅವಳ ಕಣ್ಣು ಡಬ್ಬಿಯ ಮೇಲೆಯೇ ಇತ್ತು. ಅವಳ ಮನಸ್ಸು ಅಲ್ಲಾಡಿತ್ತು. ಅಷ್ಟು ವರ್ಷ ನಂಬಿದ್ದು ಒಂದು ಫೋಟೋಕ್ಕೆ ಹೋಗುತ್ತದೆಯೇ? ಇನ್ನೊಂದು ಕ್ಷಣ ಬಿಟ್ಟಿದ್ದರೆ ಅವಳೇ ತಟ್ಟೆ ತಂದುಕೊಡುತ್ತಿದ್ದಳು ಎಂದು ನನಗೆ ಇವತ್ತಿಗೂ ಅನ್ನಿಸುತ್ತದೆ.

ಅಷ್ಟರಲ್ಲಿ ಒಳಗಿನಿಂದ ತಂಗಿ ಕೂಗಿದಳು. "ಅಕ್ಕಾ! ಒಂದ ಅರಬಿ ಕೊಡ, ಕುಬಸ ತೊಯ್ದೇತಿ."

ಮೂವರೂ ಬಾಗಿಲಿಗೆ ನುಗ್ಗಿದೆವು. ಕೂಸು ಒಂದು ಕಡೆ ಗಟಗಟ ಕುಡಿಯುತ್ತಿತ್ತು, ನುಂಗುವ ಸಪ್ಪಳ ಬಾಗಿಲಿಗೆ ಕೇಳುತ್ತಿತ್ತು. ಇನ್ನೊಂದು ಕಡೆ ರವಿಕೆ ತೊಯ್ದು, ಸೀರೆಯ ಸೆರಗು ತೊಯ್ದು, ಹಾಸಿದ ಕೌದಿಯ ಮೇಲೂ ಹಾಲು ತೊಟ್ಟಿಕ್ಕುತ್ತಿತ್ತು. ಕೂಸಿನ ಬಾಯಿ ತಪ್ಪಿದಾಗ ಹಾಲು ಅದರ ಮೂಗಿಗೂ ಕೆನ್ನೆಗೂ ಸಿಡಿಯಿತು. ಕೂಸು ಸೀನಿ, ಸಿಟ್ಟುಮಾಡಿ, ಮತ್ತೆ ಹಿಡಿದುಕೊಂಡಿತು. ತಂಗಿ ಬೆವತು, ನಗುತ್ತಿದ್ದಳು.

ಬೀಗತಿ ಡಬ್ಬಿ ಹಿಡಿದುಕೊಂಡು ನಿಂತವಳು ನಿಂತೇ ಇದ್ದಳು. "ನಿನ್ನೆ ಏನ ಉಂಡೀಯವಾ?" ಎಂದು ಕೇಳಿದಳು.

"ಮೊಳದ ಮುಶಿ ಅತ್ತ್ಯಾರ" ಎಂದಳು ತಂಗಿ.

ಅವ್ವ ಅಂಗಳಕ್ಕೆ ಹೋದಳು. ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಆಮೇಲೆ ಫೋನು ತೆಗೆದು ಸವದತ್ತಿಗೆ ಹಚ್ಚಿದಳು. ಆ ಕಡೆಯಿಂದ ಚಿಗವ್ವ ಹಲೋ ಅನ್ನುವ ಮೊದಲೇ "ಬಂತಽ!" ಎಂದು ಕೂಗಿದಳು. ಫೋನಿನ ಅವಶ್ಯಕತೆಯೇ ಇರಲಿಲ್ಲ, ಆ ದನಿ ಸವದತ್ತಿಗೆ ಹಾಗೆಯೇ ಮುಟ್ಟುತ್ತಿತ್ತು. ಓಣಿಯ ಬಾಗಿಲುಗಳೆಲ್ಲ ತೆರೆದವು. ನಾನು ಅಂಗಳದಲ್ಲಿ ಕುಣಿದೆ. ನಲವತ್ತು ದಾಟಿದ ಹೆಂಗಸು ಹಾಗೆ ಕುಣಿಯಬಾರದು ಎಂದು ಯಾರಿಗಾದರೂ ಅನ್ನಿಸಿದ್ದರೆ ಅದು ಅವರ ಕಷ್ಟ. ಬೀಗತಿಯ ಡಬ್ಬಿ ತುಂಬಿದ್ದು ತುಂಬಿದಂತೆಯೇ ಸಂಪಗಾಂವಕ್ಕೆ ವಾಪಸು ಹೋಯಿತು.

ಚಿಗವ್ವ ಮಾತಿಗೆ ತಪ್ಪುವವಳಲ್ಲ. ಮುಂದಿನ ಲೋಡಿನಲ್ಲಿ ಸಣ್ಣ ಮುಶಿಯ ಡಬ್ಬಿ ಸವದತ್ತಿಯಲ್ಲಿ ಇಳಿಯಿತು. ಅವಳು ಸೀರೆ ಎತ್ತಿಕಟ್ಟಿ ಅದನ್ನು ತಾನೇ ಹೊತ್ತು ಟೆಂಪೋದೊಳಗೆ ವಾಪಸು ಇಟ್ಟಳಂತೆ. ರಾಮದುರ್ಗದವರು ಇಳಿಸಲಿಕ್ಕೇ ಬಿಡಲಿಲ್ಲ. ಅವರ ಸಿಟ್ಟು ಮೊದಲ ಸಲ ಎಲ್ಲರ ಉಪಯೋಗಕ್ಕೆ ಬಂತು. ಕಿತ್ತೂರಿನವರು ಮೊಳ ಹಾಕಿ ಅಳೆದೇ ತೆಗೆದುಕೊಂಡರು. ದಲಾಲರು ಹೇಳಿದಂತೆಯೇ ಮಾಡಿದರು, ಮುಂದಿನ ಸಲ ಟೆಂಪೋ ತರಲೇ ಇಲ್ಲ. ನಾವು ಹೆದರಲಿಲ್ಲ. ಚಿಗವ್ವ ಮಲಪ್ರಭೆಯ ಜಲಾಶಯದ ಮೀನು ತರಿಸಿ ಕೊಟ್ಟಳು. ನಾಲ್ಕೂ ಊರಿನಲ್ಲಿ ಹೊಳೆ ಮೀನು ಮಾರಿಕೊಂಡು ಕಾದೆವು. ದಲಾಲರಾದರೂ ಏನು ಮಾಡಿಯಾರು? ಅದರ ಮುಂದಿನ ಸಲ ಟೆಂಪೋ ಬಂತು. ದಲಾಲರು ನಮ್ಮ ಮುಂದೆ ಡಬ್ಬಿ ಇಳಿಸಿ, ಅವ್ವನ ಮುಖ ನೋಡದೆ, "ಅಳದ ನೋಡ್ರಿ" ಎಂದರು. ಅವ್ವ ಎಲ್ಲರ ಎದುರಿಗೆ, ಒಂದನ್ನೂ ಬಿಡದೆ, ನಿಧಾನವಾಗಿ ಅಳೆದಳು. ಅಷ್ಟು ನಿಧಾನ ಮಾಡುವ ಅವಶ್ಯಕತೆ ಇರಲಿಲ್ಲ.

ಮರಿ ಕೇಳುವವರಿಲ್ಲದೆ ಹೋದ ಮೇಲೆ ಮರಿಗಾಗಿ ದಂಡೆಗೆ ಬಲೆ ಬಿಡುವುದನ್ನು ಕೆಲವರು ಬಿಟ್ಟಿದ್ದಾರೆ, ಒಂದು ಬಂದರಿನ ಬಲೆಯವರು ತಾವೇ ಕೂತು ಅಳತೆ ಗೊತ್ತುಮಾಡಿಕೊಂಡಿದ್ದಾರೆ ಎಂದು ಮೇಡಂ ಹೇಳಿದರು. ಸಮುದ್ರವೇ ತುಂಬಿ ತುಳುಕಿತು ಎಂದು ನಾನು ಹೇಳುವುದಿಲ್ಲ, ನಾನು ಅಷ್ಟು ಸುಳ್ಳಿಯಲ್ಲ. ಆದರೆ ಈಗೀಗ ಡಬ್ಬಿ ತೆರೆದರೆ ಮೊಳ ದಾಟಿದ ಮುಶಿ ಮೊದಲಿಗಿಂತ ಹೆಚ್ಚು ಕಾಣುತ್ತವೆ. 'ಇದು ನಿಮ್ಮಿಂದಲೇ ಎಂದು ಈಗಲೇ ಹೇಳಲಾಗದು, ಇನ್ನೂ ನಾಲ್ಕು ವರ್ಷ ನೋಡಬೇಕು' ಎನ್ನುತ್ತಾರೆ ಮೇಡಂ. ಅವರು ನೋಡಲಿ. ನಾನಂತೂ ಇದು ನಮ್ಮಿಂದಲೇ ಎಂದು ಪೇಟೆಯಲ್ಲೆಲ್ಲ ಹೇಳಿಕೊಂಡು ತಿರುಗುತ್ತೇನೆ.

ಒಬ್ಬರ ಮಾತು ಮಾತ್ರ ನಾನು ಹೇಳಲೇಬೇಕು. ಕೂಸಿಗೆ ಸೂಜಿ ಹಾಕಿಸಲು ತಂಗಿ ಸಂಪಗಾಂವದಿಂದ ಬಂದ ದಿನ ಅಂಗಡಿಗೂ ಬಂದಿದ್ದಳು, ಜೊತೆಗೆ ಬೀಗತಿ. ಬೀಗತಿಯೀಗ ಮೊಳದ ಮುಶಿಯ ಗುಣ ಹೇಳುವುದರಲ್ಲಿ ಅವ್ವನನ್ನೂ ಮೀರಿಸಿದ್ದಳು. ಅಷ್ಟರಲ್ಲಿ ರಾಮದುರ್ಗದ ಕಡೆಯ ಒಬ್ಬ ಅಜ್ಜಿ ಬಂದು ಮಗಳ ಹೆರಿಗೆಯಾಗಿದೆ, ಬಾಣಂತಿ ಮುಶಿ ಕೊಡಿ ಎಂದಳು. ಇಲ್ಲ ಎಂದೆವು. ಮುನಿಸಿಕೊಂಡು ಪಕ್ಕದ ಬುಟ್ಟಿಗೆ ಹೋದಳು. ಅಲ್ಲಿಯೂ ಇಲ್ರಿ. ಅದರ ಮುಂದಿನ ಬುಟ್ಟಿಯಲ್ಲಿಯೂ ಇಲ್ರಿ. ಸಾಲಿನ ಆ ತುದಿಯವರೆಗೂ ಹೋಗಿ, ಸೊಂಟದ ಮೇಲೆ ಕೈಯಿಟ್ಟುಕೊಂಡು ತಿರುಗಿ ನಮ್ಮಲ್ಲಿಗೇ ಬಂದಳು.

"ಏನ ರೋಗ ಬಂದೈತ್ರಿ ನಿಮಗ? ನಮ್ಮೂರಾಗ ಇಲ್ಲಂತಾರಂತ ಇಲ್ಲಿಗೆ ಬಂದ್ರ ಇಲ್ಲೂ ಇದ ಹಾಡು! ಆತು, ಆ ದೊಡ್ಡದನ್ನ ಕೊಡ್ರಿ. ಖರೇ ಹೇಳ್ರಿ, ಇದ್ರಿಂದ ಹಾಲು ಬರ್ತೈತೇನು?"

ಅವ್ವ ಬಾಯಿ ತೆರೆದಳು. ನಾನೂ ತೆರೆದೆ. ಬೀಗತಿ ನಮ್ಮಿಬ್ಬರಿಗಿಂತ ಮುಂಚೆ ತೆರೆದಿದ್ದಳು. ಆದರೆ ಮಾತಾಡಿದವಳು ತಂಗಿ. ಕೂಸನ್ನು ಈ ಹೆಗಲಿನಿಂದ ಆ ಹೆಗಲಿಗೆ ಹಾಕಿಕೊಂಡು ಹೇಳಿದಳು.

"ಹಾಲು ಮೀನಿನಾಗ ಇರೂದಿಲ್ರೀ ಅಜ್ಜಿ, ನಿಮ್ಮ ಮಗಳ ಮೈಯಾಗ ಐತಿ. ಹೊಟ್ಟಿ ತುಂಬ ಉಣ್ಣಾಕ ಹಾಕ್ರಿ, ಮಕ್ಕೊಳ್ಳಾಕ ಬಿಡ್ರಿ, ಕೂಸಿಗೆ ಮ್ಯಾಲಿಂದ ಮ್ಯಾಲ ಕುಡಸ್ರಿ. ನನಗ ಬಂದದ್ದೂ ಮೀನಿನ ಹಾಲಲ್ಲ, ನಂದ ಹಾಲು. ಇವರೆಲ್ಲಾ ಮೀನಿನ ಹೆಸರ ಹೇಳ್ಕೊಂತ ಅಡ್ಡಾಡತಾರ."

ನಮ್ಮ ಮೂವರ ಬಾಯಿಯೂ ಒಟ್ಟಿಗೇ ಮುಚ್ಚಿತು. ಅಷ್ಟು ದಿನ ನಾಲ್ಕು ಊರು ಅವಳ ಎದೆಯ ಸುದ್ದಿ ಮಾತಾಡಿತ್ತು, ಅವಳನ್ನು ಯಾರೂ ಒಂದು ಮಾತು ಕೇಳಿರಲಿಲ್ಲ. ಆ ಗೆಲುವು ನಮ್ಮದಾಗುವ ಮೊದಲು ಅವಳದಾಗಿತ್ತು ಎಂದು ನನಗೆ ಹೊಳೆದದ್ದು ಆಗಲೇ.

ಅವ್ವನಿಗೆ ಮಾತ್ರ ವ್ಯಾಪಾರ ಹೋಯಿತೆಂಬ ಚಿಂತೆ. ಅಜ್ಜಿ ತಂಗಿಯನ್ನು ನೋಡಿದಳು, ಕೂಸನ್ನು ನೋಡಿದಳು, ಕೂಸಿನ ತೊಡೆಯ ಮಡಿಕೆಗಳನ್ನು ಬೆರಳಿನಿಂದ ಒತ್ತಿ ನೋಡಿದಳು. ಆಮೇಲೆ ಚೀಲ ಬಿಚ್ಚಿದಳು.

"ಹಂಗಾರ ಎರಡ ತೂಗ್ರಿ. ಹಾಲು ಆಕಿದಽ ಇದ್ದರ ಮೀನು ಆಕಿಗಷ್ಟ ಯಾಕ, ನಾನೂ ಒಂದಿಷ್ಟ ಉಣ್ಣತೇನಿ."